ಬಿಳಿ ಪ್ಯಾಂಟಿನ ಸರ್ವೇಯರ್

"ಇನ್ನೂ ದೊಡ್ಡದು ಮಾಡ್ಲಾ?" ಎಂದಳು ಸ್ಕ್ಯಾನರಮ್ಮ.

"ಸಾಕು," ಎಂದ ಪತ್ತೇದಾರ.

"ಸಾಕು ಅಂದ್ರೆ ಹೇಗೆ ಸಾರ್? ಸ್ವಾರಸ್ಯ ಇರೋದೇ ಮೊಣಕಾಲಲ್ಲಿ!"

ಆಕೆ ಮೌಸಿನ ಚಕ್ರ ತಿರುಗಿಸಿದಳು. ಪರದೆಯ ಮೇಲಿನ ಕಪ್ಪು-ಬಿಳುಪು ಫೋಟೋ ಉಬ್ಬುತ್ತ ಹೋಯಿತು. ಮೂತಿ ನುಜ್ಜುಗುಜ್ಜಾದ ಒಂದು ಕಾರು. ಅದರ ಪಕ್ಕದಲ್ಲಿ ಎದೆಗೊಂದು ಹಲಗೆ ಹಿಡಿದು ನಿಂತ ಯುವಕ. ಗುಂಗುರು ಕೂದಲು, ಪೊದೆ ಮೀಸೆ, ಊರನ್ನೇ ಗೆದ್ದು ಬಂದವನ ನಗೆ. ಚಕ್ರ ತಿರುಗಿದಂತೆ ತಲೆ ಪರದೆಯಾಚೆ ಸರಿಯಿತು, ಹಲಗೆ ಸರಿಯಿತು, ಬೆಲ್ಟು ಸರಿಯಿತು. ಕೊನೆಗೆ ಉಳಿದದ್ದು ಎರಡು ಮೊಣಕಾಲು. ಇಸ್ತ್ರಿಯ ಗೆರೆ ಕತ್ತಿಯ ಅಲಗಿನಂತೆ ನಿಂತ, ಒಂದು ಚುಕ್ಕೆ ಕೊಳೆಯಿಲ್ಲದ ಬಿಳಿ ಪ್ಯಾಂಟು.

ಆ ಪ್ಯಾಂಟಿನೊಳಗಿದ್ದವನು ತಾನೇ ಎಂಬುದು ಪತ್ತೇದಾರನಿಗೆ ಮೊದಲ ನೋಟಕ್ಕೇ ತಿಳಿದುಹೋಗಿತ್ತು.

ಮೂವತ್ತೆಂಟು ವರ್ಷದ ಹಿಂದಿನ ಮಾತು. ಕೂದಲು ಹೋಗಿ, ಮೀಸೆ ಹೋಗಿ, ಸೋಡಾಬುಡ್ಡಿ ಕನ್ನಡಕ ಬಂದ ಮೇಲೆ ಆ ಯುವಕನಿಗೂ ಈ ಮುದುಕನಿಗೂ ನಂಟು ಹಚ್ಚಬೇಕಾದರೆ ಹೆತ್ತ ತಾಯಿಯೇ ಎದ್ದುಬರಬೇಕು. ಆದರೂ ಅವನ ಕೈ ತಾನಾಗಿ ಹೋಗಿ ತನ್ನ ಮೊಣಕಾಲನ್ನು ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಎಂದೋ ಬಾಗಿಲು ಮುಚ್ಚಿದ ಕಾರು ಕಂಪನಿಯ ಹಳೆಯ ಕಾಗದಪತ್ರಗಳನ್ನು ಒಂದು ಟ್ರಸ್ಟು ಜಾಲತಾಣಕ್ಕೆ ಏರಿಸುತ್ತಿತ್ತು. ಸೋಮವಾರ ಏರಿಸಿದ ಹದಿನಾಲ್ಕು-ಬಿ ಎಂಬ ಕಡತ ಮಂಗಳವಾರದ ಹೊತ್ತಿಗೆ ಜಾಲತಾಣದಿಂದಲೂ ಕಪಾಟಿನಿಂದಲೂ ಮಾಯವಾಗಿತ್ತು. ಅದನ್ನು ಹುಡುಕಲು ಪತ್ತೇದಾರನನ್ನು ಕರೆಸಿ ಇಂದಿಗೆ ಆರು ದಿನ. ಕಡತದಲ್ಲಿ ಏನಿತ್ತೆಂದು ಯಾರಿಗೂ ನೆನಪಿರಲಿಲ್ಲ. "ದಿನಕ್ಕೆ ಮುನ್ನೂರು ಪುಟ ಗಾಜಿನ ಮೇಲೆ ಮಲಗಿಸ್ತೀನಿ. ಓದ್ತಾ ಕೂತ್ರೆ ಮುಂದಿನ ಜನ್ಮಕ್ಕೂ ಮುಗಿಯಲ್ಲ," ಎಂದಿದ್ದಳು ಸ್ಕ್ಯಾನರಮ್ಮ. ಈ ಬೆಳಿಗ್ಗೆ ದೂರದ ಓದುಗನೊಬ್ಬ ತಾನು ಸೋಮವಾರವೇ ಉಳಿಸಿಟ್ಟುಕೊಂಡ ಒಂದೇ ಒಂದು ಫೋಟೋವನ್ನು ಕಳಿಸಿದ್ದ. ಜೊತೆಗೆ ಒಂದು ಟಿಪ್ಪಣಿ.

ಆಕೆ ಅದನ್ನು ಗಟ್ಟಿಯಾಗಿ ಓದಿದಳು.

"'ನಾನು ಇದೇ ಮಾದರಿಯ ಕಾರನ್ನು ಹನ್ನೊಂದು ವರ್ಷ ಬಿಚ್ಚಿ ಜೋಡಿಸಿದವನು. ಇದರ ಸ್ಟೀರಿಂಗ್ ತೋಳು, ಅಂದರೆ ಚಕ್ರ ತಿರುಗಿಸುವ ಸರಳು, ಕಾಣಬೇಕಾದರೆ ಅಂಗಾತ ಮಲಗಿ ಹೆಗಲವರೆಗೂ ಒಳಗೆ ತೂರಬೇಕು, ಬೇರೆ ದಾರಿಯಿಲ್ಲ. ವಿಮಾ ಸರ್ವೇಯರನ ವರದಿಯಲ್ಲಿ, ಕಾರಿನ ಅಡಿಗೆ ಇಳಿದು ಪರೀಕ್ಷಿಸಿದೆ ಎಂದಿತ್ತು. ಈ ಫೋಟೋದ ಹಲಗೆಯ ಮೇಲೆ, ಪರೀಕ್ಷೆ ಮುಗಿದಿದೆ ಎಂದಿದೆ. ಹಾಗಾದರೆ ಈ ಮಹಾಶಯನ ಪ್ಯಾಂಟು ಹಾಲಿನಲ್ಲಿ ಅದ್ದಿ ತೆಗೆದಂತೆ ಹೇಗಿದೆ?'"

ಓದಿ ಮುಗಿಸಿ ಆಕೆ ಪಕಪಕನೆ ನಕ್ಕಳು. "ಏನು ಕಣ್ಣು ಸಾರ್ ಈ ಮನುಷ್ಯಂದು! ನಿಮ್ಮ ಕೆಲಸಕ್ಕೇ ಸಂಚಕಾರ."

"ಸರ್ವೇಯರ್ ಹೆಸರು?" ಎಂದ ಪತ್ತೇದಾರ.

"ಸಹಿ ಕೋಳಿ ಕೆದರಿದ ಹಾಗಿತ್ತಂತೆ. ಓದೋಕಾಗ್ಲಿಲ್ಲವಂತೆ."

ಅವನ ಎದೆಯೊಳಗೆ ಏನೋ ಸಡಿಲವಾಯಿತು. ಸಡಿಲವಾದದ್ದಕ್ಕೇ ಮರುಕ್ಷಣ ಕಿವಿ ಬಿಸಿಯಾಯಿತು. ಪರರ ಗುಟ್ಟು ಬಯಲಿಗೆಳೆದು ಮೂವತ್ತಾರು ವರ್ಷ ಅನ್ನ ತಿಂದವನು, ತನ್ನ ಸಹಿ ಓದಲು ಬಾರದ್ದಕ್ಕೆ ಸಂತೋಷಪಡುತ್ತಿದ್ದ.

ಸ್ಕ್ಯಾನರಮ್ಮನ ನಗು ಅಷ್ಟರಲ್ಲಿ ಇಳಿದಿತ್ತು. ಟಿಪ್ಪಣಿ ಇನ್ನೂ ಇತ್ತು. ಕಡತದಲ್ಲಿ ಪತ್ರಿಕೆಯ ಒಂದು ತುಣುಕನ್ನೂ ಆ ಓದುಗ ನೋಡಿದ್ದ. ಕಾರು ಓಡಿಸುತ್ತಿದ್ದವನು ಒಬ್ಬ ಗಡಿಯಾರ ರಿಪೇರಿಯವನು. ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಸ್ಥಳದಲ್ಲೇ ಹೋದಳು. ಅತಿವೇಗವೇ ಕಾರಣ ಎಂಬ ಸರ್ವೇಯರನ ಮಾತು ನಂಬಿ ನ್ಯಾಯಾಲಯ ಅವನನ್ನು ಒಂದೂವರೆ ವರ್ಷ ಜೈಲಿಗೆ ಕಳಿಸಿತು.

"ಹೆಂಡತೀನ ಕಳ್ಕೊಂಡೋನಿಗೆ, ನೀನೇ ಕೊಂದೆ ಅಂತ ಬೇರೆ ಹೇಳೋದಾ?" ಆಕೆ ಹತ್ತಿಯ ಕೈಗವಸು ಕಳಚಿ ಮೇಜಿನ ಮೇಲೆ ಬಿಸಾಡಿದಳು. "ನಿಮ್ಮ ಕೆಲಸ ಎರಡಾಯ್ತು ಸಾರ್. ಕಡತ ಕದ್ದೋನೂ ಬೇಕು, ಈ ಬಿಳಿ ಪ್ಯಾಂಟಿನವನೂ ಬೇಕು. ಬರ್ಕೊಳ್ಳಿ."

ಪತ್ತೇದಾರ ಜೇಬಿನಿಂದ ಪುಸ್ತಕ ತೆಗೆದ. "ಬಿಳಿ ಪ್ಯಾಂಟು" ಎಂದು ಬರೆದ. ಆಕೆ ನೋಡುತ್ತಿದ್ದಳೆಂದು ಅದರ ಕೆಳಗೊಂದು ಗೆರೆಯನ್ನೂ ಎಳೆದ.

ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಮರೆಯಲು ಪ್ರಯತ್ನಪಟ್ಟವರಿಗೆ ನೆನಪು ಇನ್ನೂ ಗಟ್ಟಿ.

ಅವನಿಗಾಗ ಇಪ್ಪತ್ತೆಂಟು. ವಿಮಾ ಕಚೇರಿಯಲ್ಲಿ ಸರ್ವೇಯರ್. ಅವನು ಮನಸ್ಸು ಕೊಟ್ಟಿದ್ದ ಹುಡುಗಿಯ ಅಪ್ಪನನ್ನು ಅಂದು ಸಂಜೆ ಮೊದಲ ಸಲ ಭೇಟಿಯಾಗಬೇಕಿತ್ತು. ಅದಕ್ಕೆಂದೇ ಹೊಲಿಸಿದ ಪ್ಯಾಂಟು. ದರ್ಜಿ ಬೆಳಿಗ್ಗೆ ಕೊಟ್ಟ. ಇವನು ತಡೆಯಲಾರದೆ ಅಲ್ಲೇ ಹಾಕಿಕೊಂಡು ಹೊರಟ. ಕಾರ್ಖಾನೆಯ ಹಿತ್ತಲ ಅಂಗಳದಲ್ಲಿ ಕಾರು ಎಣ್ಣೆಯ ಮಡುವಿನ ನಡುವೆ ನಿಂತಿತ್ತು. ಇವನು ಸೊಂಟ ಬಾಗಿಸಿ ಇಣುಕಿದ. ಕತ್ತಲೆ ಕಂಡಿತು. ಇನ್ನಷ್ಟು ಬಾಗಿದರೆ ಮೊಣಕಾಲು ನೆಲಕ್ಕೆ ತಾಗುತ್ತಿತ್ತು. ಎದ್ದು ನಿಂತ. ನಿಂತಲ್ಲೇ ವರದಿ ಬರೆದ. ಸ್ಟೀರಿಂಗ್ ತೋಳು ಡಿಕ್ಕಿಯ ಹೊಡೆತಕ್ಕೆ ಮುರಿದಿದೆ. ಅತಿವೇಗ. ಎಲ್ಲ ಸರ್ವೇಯರರೂ ಬರೆಯುತ್ತಿದ್ದದ್ದು ಅದನ್ನೇ.

ಲಂಚ ತಿಂದಿದ್ದರೆ ಒಂದು ಕಾರಣವಾದರೂ ಇರುತ್ತಿತ್ತು. ಬೆದರಿಕೆ ಬಂದಿದ್ದರೆ ಒಂದು ನೆಪವಾದರೂ ಇರುತ್ತಿತ್ತು. ಅವನು ಒಬ್ಬ ಮನುಷ್ಯನ ಬದುಕನ್ನು ಒಂದು ಪ್ಯಾಂಟಿಗೆ ಮಾರಿದ್ದ. ಇದನ್ನು ಯಾರೆದುರು ಬಾಯಿಬಿಟ್ಟು ಹೇಳುವುದು?

ಎರಡೇ ವರ್ಷಕ್ಕೆ ಅವನು ಆ ನೌಕರಿ ಬಿಟ್ಟ. ಸರ್ವೇ ಕೆಲಸ ಬೇಸರವಾಯಿತೆಂದು ಎಲ್ಲರಿಗೂ ಹೇಳಿದ. ಹೇಳಿ ಹೇಳಿ ತಾನೂ ನಂಬಿದ್ದ.

ಬಾಗಿಲು ದಡಾರನೆ ತೆರೆಯಿತು. ಟ್ರಸ್ಟಿನ ಕಾರ್ಯದರ್ಶಿ ಒಳಬಂದರು. ಅದೇ ಕಂಪನಿಯ ಮೂರು ಕಾರುಗಳನ್ನು ಕೂಸಿನಂತೆ ಸಾಕಿಕೊಂಡವರು. ಮಾತಿಗೊಮ್ಮೆ ಕೀಲಿಗೊಂಚಲು ಕುಣಿಸುವ ಚಾಳಿ.

"ಏನ್ರೀ, ಸಿಕ್ತಾ?"

"ಹುಡುಕ್ತಿದ್ದೀನಿ."

"ಹುಡುಕಿದ್ದು ಸಾಕು ಬಿಡಿ. ನಾಳೆ ಹನ್ನೊಂದು ಗಂಟೆಗೆ ಸಭೆ, ಮೊನ್ನೆನೇ ಹೇಳಿದ್ನಲ್ಲ. ಕಡತಗಳ ಪಟ್ಟಿಗೆ ಅಂತಿಮ ಮುದ್ರೆ ಬೀಳುತ್ತೆ. ಹದಿನಾಲ್ಕು-ಎ ಆದ್ಮೇಲೆ ಹದಿನಾಲ್ಕು-ಸಿ. ನಡುವೆ ಬಿ ಅಂತ ಒಂದಿತ್ತು ಅಂತ ಯಾವ ನರಪಿಳ್ಳೆಗೂ ಗೊತ್ತಾಗಲ್ಲ."

"ಗೊತ್ತಾಗಿದೆಯಲ್ಲ ಸಾರ್," ಎಂದಳು ಸ್ಕ್ಯಾನರಮ್ಮ ಪರದೆಯತ್ತ ಕೈ ತೋರಿಸಿ.

ಕಾರ್ಯದರ್ಶಿ ಫೋಟೋ ನೋಡಿದರು. ಕೀಲಿಗೊಂಚಲು ನಿಂತಿತು. "ಛೆ, ಎಂಥಾ ಚೆಂದದ ಗಾಡಿ!" ಎಂದರು ಮೂತಿ ಮುರಿದ ಕಾರಿಗೆ ಮರುಗಿ. ಆಮೇಲೆ ಪತ್ತೇದಾರನತ್ತ ತಿರುಗಿದರು. "ನೋಡಿ, ಜನ ನಮ್ಮ ಜಾಲತಾಣಕ್ಕೆ ಬರೋದು ಕಣ್ಣು ತಂಪು ಮಾಡ್ಕೊಳ್ಳೋಕೆ. ಹಳೇ ಹೆಣ ಎತ್ತೋದು ಬೇಡ. ನೀವೇನಂತೀರಿ?"

ಬೇಡ ಎನ್ನಲು ಪತ್ತೇದಾರನ ನಾಲಿಗೆ ತುದಿಯವರೆಗೂ ಮಾತು ಬಂದಿತ್ತು.

"ನಾಳೆ ಹನ್ನೊಂದರವರೆಗೆ ಟೈಮಿದೆಯಲ್ಲ," ಎಂದ. ಹೇಗೆ ಹೇಳಿದನೋ ಅವನಿಗೇ ತಿಳಿಯದು.

ಕಾರ್ಯದರ್ಶಿ ಹೋದ ಮೇಲೆ ಸ್ಕ್ಯಾನರಮ್ಮನ ಕಣ್ಣು ತಪ್ಪಿಸಲು ಅವನು ಕಪಾಟುಗಳ ಸಾಲಿಗೆ ನಡೆದ. ಹಿಂದೆ ಬಣ್ಣ ಬಳಿಯುವ ಶೆಡ್ಡಾಗಿದ್ದ ಜಾಗ. ಗೋಡೆಯ ಮೇಲೆ ಇನ್ನೂ ಹಸಿರು, ಕೆನೆ, ಕಡುಗೆಂಪು ಹನಿಗಳ ಕಲೆ. ತೇವ ಹೀರುವ ಯಂತ್ರ ಮೂಲೆಯಲ್ಲಿ ಗೊರಗೊರ ಎನ್ನುತ್ತಿತ್ತು. ಹದಿನಾಲ್ಕರ ಕಪಾಟನ್ನು ಆರು ದಿನದಲ್ಲಿ ಇಪ್ಪತ್ತು ಸಲವಾದರೂ ನೋಡಿದ್ದ. ಎ ಮತ್ತು ಸಿ ನಡುವೆ ಎರಡು ಬೆರಳಿನಷ್ಟು ಸಂದು. ಸಂದಿನಲ್ಲಿ "14-ಬಿ" ಎಂದು ಬರೆದ, ಬೆರಳಗಲದ ನೀಲಿಛಾಯೆಯ ಒಂದು ಪಟ್ಟಿ.

ಇವತ್ತು ಮುಖ ಮರೆಸಿಕೊಳ್ಳಲು ಬಂದವನು ಅದನ್ನೇ ದಿಟ್ಟಿಸುತ್ತ ನಿಂತ.

"ಅಮ್ಮಾ, ಈ ಚೀಟಿ ನಿಮ್ಮದಾ?"

ಆಕೆ ಬಂದು ನೋಡಿದಳು. "ಅಲ್ಲ. ನಮ್ಮ ಚೀಟಿಗಳೆಲ್ಲ ಪ್ರಿಂಟರಿನವು. ನಾನು ಇದು ಹಳೇ ಕಾಲದ್ದು ಅಂದ್ಕೊಂಡಿದ್ದೆ."

ಪತ್ತೇದಾರ ಚಿಮಟಿಗೆಯಲ್ಲಿ ಅದನ್ನು ಎತ್ತಿದ. ಕಾಗದವಲ್ಲ, ನಕ್ಷೆ ತೆಗೆಯುವ ಬಟ್ಟೆ. ಅಂಚು ಸ್ಕೇಲಿಟ್ಟು ಕತ್ತರಿಸಿದ್ದು. ಮೂಲೆಯಲ್ಲಿ ಸಣ್ಣದಾಗಿ ಸೀಸದಕಡ್ಡಿಯಲ್ಲಿ ಬರೆದ ತಾರೀಕು ಹೋದ ಮಂಗಳವಾರದ್ದು.

"ಹಳೇ ಕಾರ್ಖಾನೆಯಲ್ಲಿ ಒಂದು ನಿಯಮ ಇತ್ತು. ಕಡತ ತಗೊಂಡೋನು ಅದರ ಜಾಗದಲ್ಲಿ ಚೀಟಿ ಇಡಬೇಕು," ಎಂದ ಪತ್ತೇದಾರ.

"ಕದಿಯೋವಾಗ್ಲೂನಾ?"

"ನಲವತ್ತು ವರ್ಷದ ಅಭ್ಯಾಸ. ಕೈ ಕೇಳ್ಬೇಕಲ್ಲ."

ನಾಲ್ಕರ ಅಂಕಿಯ ತಲೆ ತೆರೆದಿತ್ತು. ಒಂದರ ಪಾದದಲ್ಲಿ ಕೂದಲೆಳೆಯಷ್ಟು ಸಣ್ಣ ಅಡ್ಡಗೆರೆ. ಇಬ್ಬರೂ ಸ್ಕ್ಯಾನರಿನ ಗಾಜಿನ ಮೇಲೆ ಮಲಗಿದ್ದ ನಕ್ಷೆಯ ಬಳಿ ಬಂದರು. ಬಲಮೂಲೆಯ ಚೌಕದಲ್ಲಿ ಅದೇ ನಾಲ್ಕು, ಅದೇ ಒಂದು. ಕೆಳಗೆ ನಕ್ಷೆಗಾರನ ಸಹಿ.

ಸ್ಕ್ಯಾನರಮ್ಮ ಕುರ್ಚಿಯ ಮೇಲೆ ಕುಸಿದಳು. "ನಕ್ಷೆ ತಾತನಾ? ಫೋಟೋದಲ್ಲಿರೋ ಒಂದೊಂದು ಬೋಲ್ಟಿಗೂ ಹೆಸರು ಹೇಳ್ಕೊಡೋರು ಅವರೇ ಸಾರ್. ಶುಕ್ರವಾರ ನನಗೆ ಪೆಪ್ಪರ್‌ಮಿಂಟ್ ತಂದ್ಕೊಡ್ತಾರೆ. ಅವರಿಗೆ ಕಂಪ್ಯೂಟರಿನಿಂದ ಅಳಿಸೋಕೆ ಎಲ್ಲಿ ಬರುತ್ತೆ?"

ಪತ್ತೇದಾರ ಪರದೆಯ ಅಂಚಿಗೆ ಅಂಟಿಸಿದ್ದ ಹಳದಿ ಚೀಟಿಯತ್ತ ನೋಡಿದ. ಅದರ ಮೇಲೆ ಪಾಸ್‌ವರ್ಡು ದಪ್ಪಕ್ಷರದಲ್ಲಿತ್ತು.

ಆಕೆ ಅದನ್ನು ಕಿತ್ತು ಮುದ್ದೆ ಮಾಡಿ ಬಾಯಿಗೆ ಹಾಕಿಕೊಳ್ಳುವವಳಂತೆ ಕಂಡಳು.

ನಕ್ಷೆ ತಾತನ ಮನೆ ಮೂರನೆಯ ಮಹಡಿ. ಬಾಗಿಲು ತೆರೆದ ಸೊಸೆ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಕೂಗಿದಳು. "ಮಾವಾ, ಯಾರೋ ಬಂದಿದ್ದಾರೆ. ನಿಮ್ಮ ಹಾಗೇ ಮೂರು ದಿನ ಊಟ ಬಿಟ್ಟ ಮುಖ."

ತಾತನಿಗೆ ಎಂಬತ್ತನಾಲ್ಕು. ಕಿಟಕಿಯ ಬಳಿ ಓರೆ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಏನೂ ಇರಲಿಲ್ಲ. ಪತ್ತೇದಾರ ನೀಲಿ ಪಟ್ಟಿಯನ್ನು ಅದರ ಮೇಲಿಟ್ಟ.

ತಾತ ಅದನ್ನು ನೋಡಿ ನಿಟ್ಟುಸಿರಿಟ್ಟರು. "ಚೀಟಿ ಇಡದೆ ಬರೋಣ ಅಂತ ಬಾಗಿಲವರೆಗೂ ಬಂದಿದ್ದೆ. ವಾಪಸ್ ಹೋಗಿ ಇಟ್ಟುಬಂದೆ."

"ಜಾಲತಾಣದಿಂದ ಅಳಿಸಿದ್ದು?"

"ನಾನೇ. ಆ ಯಂತ್ರದಲ್ಲಿ ಬರೆಯೋದು ಕಷ್ಟ, ಅಳಿಸೋದು ಸಲೀಸು. ನಮ್ಮ ಕಾಲದಲ್ಲಿ ತಿರುಗುಮುರುಗು. ಬಟ್ಟೆ ಮೇಲಿನ ಶಾಯಿ ಕೆರೆಯೋಕೆ ಬ್ಲೇಡು ಹಿಡ್ಕೊಂಡು ಅರ್ಧ ದಿನ ಕೂರಬೇಕು." ಅವರ ದನಿ ಇಳಿಯಿತು. "ನಾನು ಕೂತಿದ್ದೆ."

ಮೆಲ್ಲಗೆ ಕತೆ ಹೊರಬಂತು. ಸ್ಟೀರಿಂಗ್ ತೋಳಿನ ಕುತ್ತಿಗೆ ತೆಳುವಾಯಿತೆಂದು ಅಪಘಾತಕ್ಕೆ ಎರಡು ತಿಂಗಳ ಮೊದಲೇ ತಾತ ಮುಖ್ಯ ಎಂಜಿನಿಯರಿಗೆ ಚೀಟಿ ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಪಘಾತವಾದ ವಾರವೇ ತೋಳನ್ನು ದಪ್ಪ ಮಾಡಿ ಹೊಸ ನಕ್ಷೆ ತೆಗೆಯಲು ಹೇಳಿದರು. ತಾರೀಕು ಮಾತ್ರ ಒಂದು ವರ್ಷ ಹಿಂದಿನದು ಹಾಕಬೇಕೆಂದರು, ಮುರಿದ ಕಾರಿಗೂ ದಪ್ಪ ತೋಳೇ ಇತ್ತೆಂದು ತೋರಿಸಲು.

"ಬ್ಲೇಡು ತಗೊಂಡು ತಾರೀಕು ಕೆರೆದೆ. ಹೊಸದು ಬರೆದೆ. ಎಷ್ಟು ಚೆಂದ ಬರೆದೆ ಅಂದ್ರೆ ಇವತ್ತಿಗೂ ಯಾರಿಗೂ ಗೊತ್ತಾಗಲ್ಲ. ಈ ಕೈ!" ತಾತ ತಮ್ಮ ಬಲಗೈಯನ್ನು ಪರರ ಕೈಯಂತೆ ನೋಡಿಕೊಂಡರು. "ಜನ ಜಾಲತಾಣದಲ್ಲಿ ನನ್ನ ನಕ್ಷೆ ಹೊಗಳ್ತಾರೆ. ಅಕ್ಷರ ನೋಡಿ, ಮುತ್ತು ಪೋಣಿಸ್ದ ಹಾಗಿದೆ ಅಂತಾರೆ. ಸೋಮವಾರ ಆ ಕಡತ ಮೇಲೆ ಬಂದಾಗ ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು."

ಪತ್ತೇದಾರ ತಪ್ಪಿತಸ್ಥರ ಎದುರು ಹೀಗೆ ಎಷ್ಟೋ ಸಲ ಕೂತಿದ್ದ. ಅವರಿಗಿಂತ ಒಂದು ಗೇಣು ಎತ್ತರದಲ್ಲಿ ಕೂತ ಭಾವನೆ ಪ್ರತಿ ಸಲವೂ ಇರುತ್ತಿತ್ತು. ಇವತ್ತು ಅದು ಇರಲಿಲ್ಲ.

"ಕಡತ ಕೊಡಿ ತಾತ. ನನಗೆ ಕಾಣ್ತಿದೆ, ನೀವು..."

ತಾತ ತಟ್ಟನೆ ತಲೆಯೆತ್ತಿದರು. "ಏನಂದೆ?"

"ಕಡತ ಕೊಡಿ ಅಂದೆ."

"ಅದಲ್ಲ. 'ಕಾಣ್ತಿದೆ.' ಇನ್ನೊಂದ್ಸಲ ಹೇಳು."

ಮುದುಕರು ಎದ್ದು, ಮೇಜು ಹಿಡಿದು, ಅವನ ಮುಖದ ಹತ್ತಿರ ಮುಖ ತಂದರು. ಕೂದಲಿಲ್ಲದ ತಲೆ, ಮೀಸೆಯಿಲ್ಲದ ತುಟಿ, ಗಾಜಿನ ಹಿಂದಿನ ಕಣ್ಣು. ಎಲ್ಲವನ್ನೂ ನಕ್ಷೆಯಂತೆ ಅಳೆದರು.

"ಅವತ್ತು ಅಂಗಳದಲ್ಲಿ ನಾನಿದ್ದೆ. ಗೋಣಿ ಹಾಸಿಕೊಡ್ಲಾ, ಮಲಗಿ ನೋಡಿ ಅಂತ ಕೇಳಿದ್ದು ನಾನೇ. 'ಬೇಡ, ಇಲ್ಲಿಂದಲೇ ಕಾಣ್ತಿದೆ' ಅಂದೆ ನೀನು. ಬಿಳಿ ಪ್ಯಾಂಟು!"

ಅಡುಗೆಮನೆಯಲ್ಲಿ ಸೊಸೆ ಲೋಟ ಜೋಡಿಸುವ ಸದ್ದು ಒಮ್ಮೆಲೇ ನಿಂತಿತು.

ಪತ್ತೇದಾರ ತಲೆ ತಗ್ಗಿಸಿದ. ಇಷ್ಟು ವರ್ಷ ಊಹಿಸಿಕೊಂಡು ಹೆದರಿದ್ದ ಗಳಿಗೆ ಬಂದೇಬಿಟ್ಟಿತ್ತು. ಮುದುಕರು ಉಗಿಯಲಿ ಎಂದು ಕಾದ. ಉಗಿದಿದ್ದರೆ ಹಗುರಾಗುತ್ತಿತ್ತು.

ಮುದುಕರು ಉಗಿಯಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟರು.

"ಆದ್ರೂ ನಿನ್ನ ಮೇಲೆ ನನಗೆ ಗೌರವ ಕಣಪ್ಪಾ," ಎಂದರು.

"ಗೌರವ?"

"ನಾನು ಬಾಯಿ ಮುಚ್ಕೊಂಡು ಪಿಂಚಣಿವರೆಗೂ ಕೂತೆ. ನೀನಾದ್ರೂ ಮರುದಿನವೇ ತಪ್ಪು ಒಪ್ಕೊಂಡು ಬರೆದೆಯಲ್ಲ. ಅದನ್ನ ಮುಚ್ಚಿಟ್ಟೋರು ನಮ್ಮೋರು. ಪಾಪ ಅವರದ್ದು."

"ಮರುದಿನ ಏನು ಬರೆದೆ?"

ತಾತನಿಗೆ ಅವನ ಪ್ರಶ್ನೆ ವಿನಯದಂತೆ ಕೇಳಿಸಿರಬೇಕು. ಮೇಜಿನ ಕೆಳಗಿನ ಖಾನೆಯಿಂದ ಕಡತ ತೆಗೆದರು. ಅದರೊಳಗಿಂದ ಕಂಪನಿಯವರು ಅಂಟಿಸಿಟ್ಟಿದ್ದ ಒಂದು ಕಂದು ಲಕೋಟೆ. ಅಂಟಿಸಿದ ಲಕೋಟೆಗಳನ್ನು ಅನುಮತಿಯಿಲ್ಲದೆ ಒಡೆಯಬಾರದೆಂಬುದು ಟ್ರಸ್ಟಿನ ನಿಯಮ. ಹಾಗಾಗಿ ಸ್ಕ್ಯಾನರಮ್ಮ ಇದನ್ನು ಗಾಜಿನ ಮೇಲೆ ಇಟ್ಟಿರಲಿಲ್ಲ, ಜಗತ್ತು ಇದನ್ನು ನೋಡಿರಲಿಲ್ಲ. ಆರು ದಿನದ ಹಿಂದೆ ತಾತ ಒಡೆದಿದ್ದರು.

ಒಂದೇ ಹಾಳೆ. ಅಪಘಾತದ ಕಾರನ್ನು ಇವನು ನೋಡಿದ ಮರುದಿನದ ತಾರೀಕು. ಕಂಪನಿಯ ಮುಖ್ಯ ಎಂಜಿನಿಯರಿಗೆ ಬರೆದದ್ದು.

"ನಿನ್ನೆ ನಾನು ಕೊಟ್ಟ ವರದಿ ತಪ್ಪು. ನಿನ್ನೆ ನಾನು ಕಾರಿನ ಅಡಿಗೆ ಇಳಿದಿರಲಿಲ್ಲ. ಸ್ಟೀರಿಂಗ್ ತೋಳು ಮುರಿದ ಜಾಗದಲ್ಲಿ ಮೂರರಲ್ಲಿ ಎರಡು ಪಾಲು ತುಕ್ಕು ಹಿಡಿದು ಕಂದಾಗಿದೆ. ಒಂದು ಪಾಲು ಮಾತ್ರ ಹೊಸದಾಗಿ ಹೊಳೆಯುತ್ತಿದೆ. ಅಂದರೆ ಬಿರುಕು ಮೊದಲೇ ಇತ್ತು. ಡಿಕ್ಕಿಯಿಂದ ತೋಳು ಮುರಿದದ್ದಲ್ಲ, ತೋಳು ಮುರಿದದ್ದರಿಂದ ಡಿಕ್ಕಿಯಾಗಿದೆ. ಚಾಲಕನ ತಪ್ಪು ಏನೇನೂ ಇಲ್ಲ. ಇದನ್ನು ದಯವಿಟ್ಟು ನ್ಯಾಯಾಲಯಕ್ಕೆ ತಲುಪಿಸಿ."

ಕೆಳಗೆ ಅವನ ಹೆಸರು. ಸ್ಪಷ್ಟವಾಗಿ, ಬಿಡಿಬಿಡಿಯಾಗಿ, ಯಾರು ಬೇಕಾದರೂ ಓದುವಂತೆ.

ಅವನು ಇದನ್ನು ಬರೆದಿರಲಿಲ್ಲ. ಇಂಥದ್ದೊಂದು ಇದೆಯೆಂದೂ ಅವನಿಗೆ ತಿಳಿದಿರಲಿಲ್ಲ.

"ಇದು ಹೊರಗೆ ಬಂದ್ರೆ ಕಂಪನಿ ಕಳ್ಳ, ನಾನು ಕಳ್ಳ, ನೀನು ಮಾತ್ರ ದೊಡ್ಡ ಮನುಷ್ಯ," ಎಂದರು ತಾತ. "ನನಗೇನು, ಕಾಡು ಬಾ ಅನ್ನುತ್ತೆ. ತಗೊಂಡು ಹೋಗು. ನಾಳೆ ಸಭೇಲಿ ಓದಿಬಿಡು."

ಪತ್ತೇದಾರನ ಬುದ್ಧಿ ಚುರುಕಾಗಿ ಓಡಿತು, ನಾಚಿಕೆಯಾಗುವಷ್ಟು ಚುರುಕಾಗಿ. ಇದನ್ನು ಬರೆದವನು ತಾನೇ ಎಂದರೆ ಅಲ್ಲಗಳೆಯುವವರು ಯಾರು? ಮುಖ್ಯ ಎಂಜಿನಿಯರ್ ತೀರಿಕೊಂಡು ಯುಗವಾಯಿತು. ಬಿಳಿ ಪ್ಯಾಂಟಿನವನು ಹುಡುಗಾಟದಲ್ಲಿ ತಪ್ಪು ಮಾಡಿದ, ಮರುದಿನವೇ ತಿದ್ದಿಕೊಂಡ. ಸ್ಕ್ಯಾನರಮ್ಮನ ಕಣ್ಣಲ್ಲಿ ನೀರು ಬಂದೀತು.

ಆದರೆ ಅವನ ಕಣ್ಣು ಮತ್ತೆ ಹಾಳೆಯ ಮೇಲೆ ಬಿತ್ತು. ತಲೆಕಟ್ಟುಗಳೆಲ್ಲ ಅಕ್ಷರದಿಂದ ಚೂರು ಬಿಡಿಸಿಕೊಂಡು ಮೇಲೆ ಹಾರುವಂತೆ ನಿಂತಿದ್ದವು. ಈ ಬರವಣಿಗೆಯನ್ನು ಅವನು ಎಲ್ಲಿ ಬೇಕಾದರೂ ಗುರುತಿಸಬಲ್ಲ. ಇವತ್ತು ಬೆಳಿಗ್ಗೆಯೂ ಫ್ರಿಜ್ಜಿನ ಬಾಗಿಲ ಮೇಲೆ ಓದಿದ್ದ: "ಮಾತ್ರೆ ತಗೋ. ಮರೆತೆ ಅನ್ನಬೇಡ."

ಮನೆಗೆ ಬಂದಾಗ ಸಂಜೆ ಐದು. ಹೆಂಡತಿ ಡ್ರೈವಿಂಗ್ ಶಾಲೆಯ ಪಾಠ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು. ಅರವತ್ತೆರಡರಲ್ಲೂ ದಿನಕ್ಕೆ ನಾಲ್ಕು ಜನರಿಗೆ ಕ್ಲಚ್ಚು ಬಿಡಲು ಕಲಿಸುವವಳು. "ಇವತ್ತೊಬ್ಬ ಗೋಡೆಗೇ ಮುತ್ತಿಟ್ಟ," ಎನ್ನುತ್ತ ತಿರುಗಿದವಳು ಗಂಡನ ಮುಖ ನೋಡಿ ಇನ್ನೊಂದು ಚಪ್ಪಲಿ ಬಿಡುವುದನ್ನೇ ಮರೆತಳು.

ಅವನು ಹಾಳೆಯನ್ನು ಮೇಜಿನ ಮೇಲಿಟ್ಟ.

ಅವಳು ನಿಂತೇ ಓದಿದಳು. ಓದಿ ಮುಗಿಸಿ ಕುರ್ಚಿ ಎಳೆದುಕೊಂಡು ಕೂತಳು. "ಎಷ್ಟು ದುಂಡಗೆ ಬರೀತಿದ್ದೆ ಆಗ," ಎಂದಳು.

"ನಿನಗೆ ಹೇಗೆ ಗೊತ್ತಾಯ್ತು?"

"ಹೇಗೆ ಅಂದ್ರೆ? ಗ್ಯಾರೇಜಿನಲ್ಲಿ ಹುಟ್ಟಿ ಬೆಳೆದವಳು ನಾನು. ಅವತ್ತು ಸಂಜೆ ನೀನು ಬಂದು ಕೂತೆ. ಅಪ್ಪ ಕೇಳಿದ್ರು, ಇವತ್ತು ಏನು ಕೆಲಸ ಅಂತ. ಒಂದು ಅಪಘಾತದ ಕಾರನ್ನ ಅಡಿಗೆ ಇಳಿದು ನೋಡ್ಬಂದೆ ಅಂದೆ. ಅಪ್ಪ ನಿನ್ನ ಮೊಣಕಾಲು ನೋಡಿದ್ರು. ಆಮೇಲೆ ನನ್ನ ಮುಖ ನೋಡಿದ್ರು. ಇನ್ನೊಂದು ಲೋಟ ಟೀ ಕೊಡಮ್ಮ ಅಂದ್ರು. ಅಷ್ಟೇ."

ಮೂವತ್ತೆಂಟು ವರ್ಷ ಅವನು ಬಚ್ಚಿಟ್ಟ ಗುಟ್ಟು ಮೊದಲ ಸಂಜೆಯೇ ಟೀ ಲೋಟದ ಪಕ್ಕ ಬಿದ್ದಿತ್ತು. ಗೊತ್ತಿದ್ದೂ ಅವಳು ಮದುವೆಯಾಗಿದ್ದಳು. ಮಾವ ಗೊತ್ತಿದ್ದೂ ಅವನ ಕೈಕುಲುಕಿದ್ದರು. ಅವನಿಗೆ ತನ್ನ ಮನೆಯ ನೆಲವನ್ನು ನೋಡಲೂ ಸಂಕೋಚವಾಯಿತು.

"ಮರುದಿನ ನೀನು ಕಾರಿನ ಕೆಳಗೆ ತೂರಿ ನೋಡಿದೆ," ಎಂದ.

"ತೂರೋಣ ಅಂತ ಹೋದೆ. ಕಾವಲಿನವರು ಅಪ್ಪನ ಗೆಳೆಯ, ಒಳಗೆ ಬಿಟ್ರು. ಆದ್ರೆ ನಾನು ಹೋಗೋ ಹೊತ್ತಿಗೆ ಕಾರಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ವು." ಅವಳು ಹಾಳೆಯ ಮಡಿಕೆಯನ್ನು ಬೆರಳಿನಿಂದ ಸವರಿ ಸಮ ಮಾಡಿದಳು. "ಗಡಿಯಾರದವನು. ತಲೆಗೆ ಬ್ಯಾಂಡೇಜು. ಹೆಂಡತಿ ಸತ್ತು ಮೂರು ದಿನ ಆಗಿತ್ತು. ಬಾಯಲ್ಲಿ ಟಾರ್ಚು ಕಚ್ಕೊಂಡು, ಗಡಿಯಾರ ನೋಡೋ ಭೂತಗನ್ನಡಿ ಕಣ್ಣಿಗಿಟ್ಕೊಂಡು ಆ ತೋಳು ನೋಡ್ತಿದ್ದ. ಅವನು ಹೇಳಿದ, ನಾನು ಬರೆದೆ. ತುಕ್ಕು ಎಷ್ಟು, ಹೊಳಪು ಎಷ್ಟು, ಎಲ್ಲ ಅವನ ಮಾತು."

"ನನ್ನ ಹೆಸರು?"

"ನಾನು ಹೇಳಿದ್ರೆ ಯಾರು ನಂಬ್ತಾರೆ ಅಂತ ಅವನು ಕೇಳಿದ. ಸರ್ವೇಯರ್ ನನಗೆ ಗೊತ್ತು, ಅವನು ಒಳ್ಳೆಯವನು, ಒಂದೆರಡು ದಿನದಲ್ಲಿ ತಾನಾಗೇ ನ್ಯಾಯಾಲಯಕ್ಕೆ ಬಂದು ಒಪ್ಕೊಳ್ತಾನೆ ಅಂದೆ. ಅಷ್ಟರವರೆಗೆ ಅವನ ಹೆಸರು ನಾನು ಹಾಕ್ತೀನಿ ಅಂದೆ." ಅವಳ ದನಿ ಮೊದಲ ಸಲ ಒಡೆಯಿತು. "ಮಾತು ಕೊಟ್ಟೆ. ಅವನು ನಂಬಿದ."

ಪತ್ತೇದಾರ ಎದುರಿನ ಕುರ್ಚಿ ಎಳೆದುಕೊಂಡು ಕೂತ.

"ನನ್ನನ್ನ ಯಾಕೆ ಕೇಳ್ಲಿಲ್ಲ?"

"ನೀನಾಗೇ ಹೇಳ್ತೀಯ ಅಂತ ಒಂದು ವಾರ ಕಾದೆ. ಆಮೇಲೆ ಒಂದು ತಿಂಗಳು. ಅಷ್ಟರಲ್ಲಿ ಅವನು ಒಳಗೆ ಹೋಗಿದ್ದ. ನಾನು ಹೋಗಿ ಹೇಳಿದ್ರೆ ಸುಳ್ಳು ವರದಿಗೆ ನೀನು ಒಳಗೆ, ಸುಳ್ಳು ಸಹಿಗೆ ನಾನು ಒಳಗೆ. ಮದುವೆ ಗೊತ್ತಾಗಿತ್ತು. ಬಾಯಿ ಹೊಲ್ಕೊಂಡೆ." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ನಾನು ನಿನಗಿಂತ ಒಳ್ಳೆಯವಳೇನಲ್ಲ. ನೀನು ಒಂದು ದಿನ ಬಗ್ಗಲಿಲ್ಲ. ನಾನು ದಿನಾ ಎದ್ದು ದಿನಾ ಸುಮ್ಮನಿದ್ದೆ."

ಬೀದಿಯಲ್ಲಿ ಯಾರೋ ಸ್ಕೂಟರು ಒದ್ದು ಒದ್ದು ಸೋತು ತಳ್ಳಿಕೊಂಡು ಹೋದರು.

"ಅವನು ಬದುಕಿದ್ದಾನಾ?" ಎಂದ ಪತ್ತೇದಾರ ಕೊನೆಗೆ.

"ಹೋದ ಸೋಮವಾರ ಆ ಫೋಟೋ ನೋಡಿದ್ನಂತೆ, ನಿನ್ನೆ ನನಗೆ ಫೋನ್ ಮಾಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ. ಡ್ರೈವಿಂಗ್ ಶಾಲೆ ಬೋರ್ಡಿನ ಮೇಲೆ ನನ್ನ ನಂಬರಿದೆಯಲ್ಲ. ಬೈಯಲಿಲ್ಲ, ಏನಿಲ್ಲ. ನಾನು ಬರೆದ ಕಾಗದ ಇನ್ನೂ ಇದೆಯಾ ಅಂತ ಮಾತ್ರ ಕೇಳಿದ. ಮಗಳಿಗೆ ತೋರಿಸ್ಬೇಕಂತೆ. ಅಜ್ಜಿ ಮನೇಲಿ ಬೆಳೆದ ಮಗಳು. ಅಮ್ಮನ್ನ ಕೊಂದೋನು ಅಂತ ಅವನ ಜೊತೆ ಇವತ್ತಿಗೂ ಮಾತಾಡಲ್ಲವಂತೆ."

"ನೀನೇನಂದೆ?"

"ನಾಳೆ ಹನ್ನೊಂದು ಗಂಟೆಗೆ ಸಭೆ ಅಂತ ನೀನೇ ಹೇಳಿದ್ದೆಯಲ್ಲ. ಅಲ್ಲಿಗೆ ಬನ್ನಿ, ಮಗಳನ್ನೂ ಕರ್ಕೊಂಡು ಬನ್ನಿ ಅಂದೆ." ಹೆಂಡತಿ ಹಾಳೆಯನ್ನು ಮಡಿಸಿ ಅವನ ಕೈಗಿಟ್ಟಳು. "ಇದನ್ನ ಬರೆದೋರು ಯಾರು, ಬರೆಯದೇ ಇದ್ದೋರು ಯಾರು ಅಂತ ನನ್ನ ಗಂಡ ಎಲ್ಲರ ಮುಂದೆ ಎದ್ದು ನಿಂತು ಹೇಳ್ತಾನೆ ಅಂತ ಮಾತು ಕೊಟ್ಟಿದ್ದೀನಿ."

ಅವನು ತಲೆಯೆತ್ತಿದ.

"ಎರಡನೇ ಸಲ," ಎಂದಳು ಅವಳು.